ಕೀಮೋ ಡೇಕೇರ್ ವಾರ್ಡ್: ಐದಕ್ಕೆ ಮೂರೂವರೆ ಸ್ಟಾರ್

ಆಸ್ಪತ್ರೆ ಹೆಸರು ಹಾಕುತ್ತಿಲ್ಲ, ಮುಂದಿನ ವಾರ ಮತ್ತೆ ಅಲ್ಲಿಗೇ ಹೋಗಬೇಕು ನೋಡಿ. ಮಂಗಳೂರು ಕಡೆಯದು ಅಂತ ಇಟ್ಟುಕೊಳ್ಳಿ. ನನ್ನದು ಸ್ತನ ಕ್ಯಾನ್ಸರ್, ನಾಲ್ಕನೇ ಸ್ಟೇಜ್, ಬೆನ್ನುಮೂಳೆಗೆ ಹಬ್ಬಿದೆ. ಎರಡು ವರ್ಷದಿಂದ ಮೂರು ವಾರಕ್ಕೊಮ್ಮೆ ಕುಮಟಾದಿಂದ ಹೋಗಿ ಬರುತ್ತಿದ್ದೇನೆ. ನಾಲ್ಕನೇ ಸ್ಟೇಜ್ ಅಂದರೆ ಸಾಕು, ಜನ ದನಿ ತಗ್ಗಿಸಿ ಮಾತಾಡಲು ಶುರು ಮಾಡುತ್ತಾರೆ. ಕಿವಿ ಸರಿ ಇದೆ ಮಾರಾಯ್ರೇ.

ಸಿಸ್ಟರ್‌ಗಳಿಗೆ ಪೂರ್ತಿ ಮಾರ್ಕು. ಪೋರ್ಟ್‌ಗೆ (ಔಷಧ ಬಿಡಲು ಎದೆಯ ಚರ್ಮದಡಿ ಕೂರಿಸಿದ ಪುಟ್ಟ ಡಬ್ಬಿ) ಸೂಜಿ ಹಾಕುವಾಗ "ಅಕ್ಕಾ, ಉಸಿರು ಎಳ್ಕೊಳ್ಳಿ" ಅನ್ನುತ್ತಾರೆ, ಎಳೆದುಕೊಳ್ಳುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಮನೆಯಿಂದ ತಂದ ಅಪ್ಪೆಹುಳಿ ಕುಡಿಯಲೂ ಬಿಡುತ್ತಾರೆ. ಬಾಯೆಲ್ಲ ತಗಡು ನೆಕ್ಕಿದ ಹಾಗಾದಾಗ ಗಂಟಲಲ್ಲಿ ಇಳಿಯುವುದು ಅದೊಂದೇ.

ಸ್ಟಾರ್ ಕಳೆದದ್ದು ರಕ್ತ ಪರೀಕ್ಷೆಗೆ. ಕೀಮೋಗೆ ಮುಂಚೆ ಕೌಂಟ್ ನೋಡಲೇಬೇಕು, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಅವತ್ತು ಡ್ರಿಪ್ ಇಲ್ಲ. ಅದು ನಮ್ಮ ಒಳ್ಳೇದಕ್ಕೇ, ಒಪ್ಪಿದೆ. ಆದರೆ ಆ ಪರೀಕ್ಷೆ ಅವರ ಲ್ಯಾಬಿನಲ್ಲೇ, ಅದೇ ದಿನವೇ ಆಗಬೇಕು ಅಂತ ರೂಲು ಇತ್ತು. ಬೆಳಗಿನ ಜಾವ ಎದ್ದು, ನಾಲ್ಕು ತಾಸು ರೈಲಲ್ಲಿ ಕೂತು, ರಕ್ತ ಕೊಟ್ಟು, ಸ್ಟೀಲ್ ಕುರ್ಚಿ ಮೇಲೆ ಇನ್ನೂ ಮೂರು ತಾಸು ಕಾದರೆ, ಕಿಟಕಿಯಿಂದ "ಕೌಂಟ್ ಕಡಿಮೆ, ಮುಂದಿನ ವಾರ ಬನ್ನಿ". ಹೀಗೆ ಮೂರು ಸಲ. ಮೂರನೇ ಸಲ ನಮ್ಮನೆಯವರು ಮಾತೇ ಆಡದೆ ಚೀಲ ಎತ್ತಿಕೊಂಡರು.

ಡಾಕ್ಟರು "ನೋಡೋಣ" ಅಂದರು. ದೂರಿನ ಪೆಟ್ಟಿಗೆಗೆ ಹಾಕಿದ ಚೀಟಿಗೆ ಉತ್ತರವಿಲ್ಲ. ಆಮೇಲೆ ಕಾಯುವ ಸಾಲಲ್ಲೇ ಒಂದು ಮನವಿ ಹಾಳೆ ಕೈಯಿಂದ ಕೈಗೆ ದಾಟಿಸಿದೆ. ಭಟ್ಕಳ, ಹೊನ್ನಾವರ, ಅಂಕೋಲಾ, ಕಾರವಾರ, ಎಲ್ಲರದ್ದೂ ಇದೇ ಗೋಳು, ಹನ್ನೊಂದು ಸಹಿ ಬಿತ್ತು. ಒಬ್ಬರಿಗೆ ಬೆರಳು ಜೋಮು, ಪೆನ್ ಹಿಡಿಯಲು ಆಗಲಿಲ್ಲ, ಹೆಬ್ಬೆಟ್ಟು ಒತ್ತಿದರು. ಆಸ್ಪತ್ರೆಯ ಮೇಲಿನವರ ಕೈಗೇ ಕೊಟ್ಟು ಬಂದೆ. ಈಗ ಹಿಂದಿನ ದಿನ ಊರಲ್ಲೇ ರಕ್ತ ಕೊಟ್ಟು ರಿಪೋರ್ಟ್ ವಾಟ್ಸಾಪ್ ಮಾಡಿದರೆ ಸಂಜೆಯೊಳಗೆ ಬನ್ನಿ ಅಥವಾ ಬೇಡ ಅಂತ ಹೇಳುತ್ತಾರೆ. ಅರ್ಧ ಸ್ಟಾರ್ ವಾಪಸ್ ಕೊಟ್ಟಿದ್ದು ಇದಕ್ಕೇ.

ಇನ್ನೊಂದು ಸಿಟ್ಟು. ಒಂದು ವರ್ಷ ಯಾರೂ ನೋವು ಎಷ್ಟಿದೆ ಅಂತ ಕೇಳಲಿಲ್ಲ, ಸ್ಕ್ಯಾನ್ ನೋಡಿದರು ಅಷ್ಟೇ. ನಾನೇ ಬಾಯಿಬಿಟ್ಟು ಕೇಳಿದಾಗ ಗೊತ್ತಾಯಿತು, ಅದೇ ಮಹಡಿಯ ಕೊನೆಯಲ್ಲಿ ಪ್ಯಾಲಿಯೇಟಿವ್ ಓಪಿಡಿ ಇದೆ, ನೋವು, ಸಂಕಟ ತಗ್ಗಿಸುವ ವಿಭಾಗ! ಮಾರ್ಫಿನ್ ಬರೆದುಕೊಟ್ಟರು, 10 ಮಿಲಿಗ್ರಾಮಿನ ಮಾತ್ರೆ, ಜೊತೆಗೆ ಮಲಬದ್ಧತೆಗೆ ಔಷಧ. ಮಾರ್ಫಿನ್ ಅಂದ ಕೂಡಲೇ ಆಯಿ ಅತ್ತಳು, ಕೊನೆ ಬಂತು ಅಂದುಕೊಂಡು. ಈಗ ನಾಲ್ಕು ತಾಸಿಗೊಮ್ಮೆ ನುಂಗಿ ಜಗಲಿಯಲ್ಲಿ ಅವಳ ಪಕ್ಕ ಕೂತು ಅಬ್ಬಲಿಗೆ ಕಟ್ಟುತ್ತೇನೆ. 2014ರಲ್ಲೇ ಮಾರ್ಫಿನ್ ಮೇಲಿನ ಕಾನೂನು ಸಡಿಲವಾಗಿದ್ದರೂ ಊರಿನ ಮೆಡಿಕಲ್ ಶಾಪಲ್ಲಿ ಸಿಗುವುದಿಲ್ಲ, ಆಸ್ಪತ್ರೆಯಿಂದಲೇ ತರಬೇಕು. ಹದಿನೈದು ದಿನದ್ದು ಮಾತ್ರ ಕೊಡುತ್ತಿದ್ದರು, ದೂರದ ಊರು ಅಂತ ಜಗಳ ಆಡಿದ ಮೇಲೆ ತಿಂಗಳದ್ದು ಕೊಡುತ್ತಾರೆ.

ಹೊಸದಾಗಿ ಹೋಗುವವರು ರೈಲ್ವೆ ರಿಯಾಯಿತಿ ಫಾರ್ಮ್ ಮೊದಲ ದಿನವೇ ಕೇಳಿ ಸಹಿ ಹಾಕಿಸಿಕೊಳ್ಳಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಪೂರ್ತಿ ಫ್ರೀ, ಜೊತೆಗೆ ಬರುವವರಿಗೆ ಮುಕ್ಕಾಲು ಪಾಲು ಬಿಡುತ್ತಾರೆ. ನನಗೆ ಇದನ್ನು ಹೇಳಿದ್ದು ಪಕ್ಕದ ಬೆಡ್ಡಿನ ಅಜ್ಜಿ, ಎಂಟು ತಿಂಗಳಾದ ಮೇಲೆ.

ಕುರ್ಚಿಗಳು ಇನ್ನೂ ಅವೇ. ದಿಂಬು ಒಯ್ಯಿರಿ.