ಮನೆಗೇ ಬಂದ ಮಕ್ಕಳ ಉಪಶಾಮಕ ಆರೈಕೆ ತಂಡ: ಐದು ತಿಂಗಳ ಅನುಭವ

ಮೂಳೆಯ ಕ್ಯಾನ್ಸರ್ ಇದ್ದ ನನ್ನ ಅಕ್ಕನ ಮಗನನ್ನು ಅವನ ಕೊನೆಯ ಐದು ತಿಂಗಳು ಬೆಂಗಳೂರಿನ ವಿಜಯನಗರದ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳಲು ನೆರವಾದ ಉಪಶಾಮಕ ಆರೈಕೆಯ (ಪ್ಯಾಲಿಯೇಟಿವ್ ಕೇರ್, ಅಂದರೆ ನೋವು-ಸಂಕಟಗಳನ್ನು ತಗ್ಗಿಸುವ ಆರೈಕೆಯ) ತಂಡದ ಕುರಿತು ಇದನ್ನು ಬರೆಯುತ್ತಿದ್ದೇನೆ. ಅಕ್ಕನ ಮನೆಯವರ ಖಾಸಗಿತನಕ್ಕಾಗಿ ತಂಡದ ಹೆಸರನ್ನು ಬರೆದಿಲ್ಲ.

ಮೊದಲ ದಿನ ಬಂದ ವೈದ್ಯೆ ದಪ್ಪನೆಯ ಫೈಲನ್ನು ಪಕ್ಕಕ್ಕಿಟ್ಟು, ನೋವು ಎಷ್ಟಿದೆಯೆಂದು ತೋರಿಸಲು ನಗುಮುಖದಿಂದ ಅಳುಮುಖದವರೆಗೆ ಆರು ಮುಖಗಳನ್ನು ಬರೆದ ಹಾಳೆಯೊಂದನ್ನು ಹುಡುಗನ ಮುಂದೆ ಹಿಡಿದರು. ಒಂಬತ್ತು ವರ್ಷದ ಅವನು ಐದನೆಯ ಮುಖದ ಮೇಲೆ ಬೆರಳಿಟ್ಟ. ಅಮ್ಮ ಅಳುತ್ತಾಳೆಂಬ ಒಂದೇ ಕಾರಣಕ್ಕೆ ನಮ್ಮೆಲ್ಲರ ಬಳಿ ‘ಅಷ್ಟೇನಿಲ್ಲ’ ಎನ್ನುತ್ತಿದ್ದನೆಂಬುದು ಆಗಲೇ ನಮಗೆ ತಿಳಿದದ್ದು.

ತೀವ್ರ ನೋವಿಗೆ ಕೊಡುವ ಮಾರ್ಫಿನ್‌ನ ಹೆಸರೆತ್ತಿದೊಡನೆ ಅಜ್ಜಿ ‘ಅದು ಸಾಯೋರಿಗೆ ಕೊಡೋದು’ ಎಂದು ಬೇಡವೆಂದರು. ವೈದ್ಯೆ ಬೇಸರಿಸದೆ, ಮಗುವಿನ ತೂಕಕ್ಕೆ ತಕ್ಕಷ್ಟೇ ಕೊಡುವ ಈ ಔಷಧವನ್ನು ನೋವು ಬರಲೆಂದು ಕಾಯದೆ ನಾಲ್ಕು ಗಂಟೆಗೊಮ್ಮೆ ಏಕೆ ಕೊಡಬೇಕು, ಅದರ ಜೊತೆಗೆ ಮಲಬದ್ಧತೆಯ ಔಷಧವನ್ನು ಏಕೆ ತಪ್ಪಿಸಬಾರದು ಎಂಬುದನ್ನು ಅಜ್ಜಿಗೇ ವಿವರಿಸಿದರು. ಮಾರ್ಫಿನ್ ಕೂಡ ಒಳಪಡುವ ಮಾದಕ ವಸ್ತುಗಳ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಗಿ ಪರವಾನಗಿಯ ಕ್ರಮ ಸರಳವಾಗಿದ್ದರೂ ಬಡಾವಣೆಯ ಔಷಧದಂಗಡಿಗಳಲ್ಲಿ ಅದು ಸಾಮಾನ್ಯವಾಗಿ ಸಿಗುವುದಿಲ್ಲವಾದ್ದರಿಂದ, ಅವರೇ ತಂದುಕೊಟ್ಟದ್ದು ದೊಡ್ಡ ಉಪಕಾರ. ಆ ವಾರದಲ್ಲೇ ಹುಡುಗ ರಾತ್ರಿ ನಿದ್ದೆ ಮಾಡಿದ; ಅಕ್ಕನೂ ಮಲಗಿದಳು. ಯಾವುದಕ್ಕೂ ಶುಲ್ಕ ಪಡೆಯಲಿಲ್ಲ.

ಅಣ್ಣನೊಡನೆ ಜಗಳವಾಡಿದ್ದರಿಂದಲೇ ಅವನಿಗೆ ಕಾಯಿಲೆ ಬಂತೆಂದು ಆರು ವರ್ಷದ ತಂಗಿ ನಂಬಿಕೊಂಡಿದ್ದಳು. ನಮಗ್ಯಾರಿಗೂ ಹೇಳದ ಈ ಮಾತನ್ನು ಆಪ್ತಸಮಾಲೋಚಕಿ ಮೂರನೆಯ ಭೇಟಿಯಲ್ಲಿ ಅವಳ ಬಾಯಿಂದಲೇ ಕೇಳಿ ತಿಳಿದು, ಅದು ಹಾಗಲ್ಲವೆಂದು ಚಿತ್ರ ಬರೆದು ತಿಳಿಸಿದರು.

ಕೊರತೆಗಳೂ ಇದ್ದವು. ಸಂಜೆ ಆರರ ನಂತರ ಫೋನಿನ ಸಲಹೆಯಷ್ಟೇ ಸಿಗುತ್ತಿತ್ತು. ಒಂದು ಶನಿವಾರ ರಾತ್ರಿ ಉಸಿರಾಟ ಕಷ್ಟವಾದಾಗ ನರ್ಸ್ ಹೇಳಿದಂತೆ ತಲೆಯನ್ನು ಎತ್ತರಿಸಿ, ಕಿಟಕಿ ತೆರೆದು ನಿಭಾಯಿಸಿದೆವಾದರೂ ಅವರಲ್ಲಿ ಒಬ್ಬರಾದರೂ ಪಕ್ಕದಲ್ಲಿರಬೇಕಿತ್ತು ಎನಿಸಿತು. ಔಷಧದ ಪಟ್ಟಿ ಇಂಗ್ಲಿಷಿನಲ್ಲಿತ್ತು. ಮಧ್ಯಾಹ್ನದ ಔಷಧ ಕೊಡುತ್ತಿದ್ದುದು ಅಜ್ಜಿ. ಕೇಳಿದ ಮೇಲೆ ನರ್ಸ್ ಗೋಡೆಯ ಕ್ಯಾಲೆಂಡರಿನ ಮೇಲೆ ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಟ್ಟರು.

ನನ್ನ ನಿಜವಾದ ವ್ಯಥೆ ಬೇರೆ. ಮಕ್ಕಳ ಉಪಶಾಮಕ ಆರೈಕೆಯು ಕಾಯಿಲೆ ಪತ್ತೆಯಾದಾಗಲೇ, ಚಿಕಿತ್ಸೆಯ ಜೊತೆಜೊತೆಗೇ ಆರಂಭವಾಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲೇ ಹೇಳಿದೆ. ಕ್ಯಾನ್ಸರ್ ರೋಗಿಗಳಿಗಾಗಿ ಮಾರತ್ತಹಳ್ಳಿಯ ಕರುಣಾಶ್ರಯ 1999ರಿಂದ ಉಚಿತ ಆರೈಕೆ ನೀಡುತ್ತಿರುವ ಈ ಊರಿನಲ್ಲಿ, ಇಂಥದ್ದೊಂದು ಸೇವೆಯಿದೆಯೆಂದು ನಮಗೆ ಹೇಳಿದ್ದು ಕೀಮೋ ಫಲಿಸದೆ ಹೋದ ನಂತರ. ನಿಮ್ಮ ಮನೆಯ ಮಗುವಿಗೆ ಗಂಭೀರ ಕಾಯಿಲೆಯಿದ್ದರೆ ದಯವಿಟ್ಟು ಮೊದಲ ತಿಂಗಳಲ್ಲೇ ಕೇಳಿ. ಕೇಳಿದರೆ ಚಿಕಿತ್ಸೆ ನಿಲ್ಲುವುದಿಲ್ಲ.

ವೈಕುಂಠ ಸಮಾರಾಧನೆ ಮುಗಿದ ವಾರ ನರ್ಸ್ ಮತ್ತೆ ಬಂದರು. ಉಳಿದ ಮಾತ್ರೆಗಳನ್ನು ಎಣಿಸಿ ವಾಪಸು ತೆಗೆದುಕೊಂಡು, ಅಕ್ಕನ ಪಕ್ಕದಲ್ಲಿ ಬಹಳ ಹೊತ್ತು ಕುಳಿತಿದ್ದು, ಹೊರಡುವ ಮುನ್ನ ಹುಡುಗಿಯೊಡನೆ ಚೌಕಾಬಾರ ಆಡಿದರು. ಮುಂದಿನ ತಿಂಗಳೂ ಬರುವುದಾಗಿ ಹೇಳಿ ಹೋಗಿದ್ದಾರೆ.