ಕ್ಯಾಂಪರ್ ಗಾಡಿಯ ಡೀಸೆಲ್ ಹೀಟರ್: ಚಳಿಯಲ್ಲಿ ಹೊತ್ತಿಕೊಳ್ಳದಿದ್ದರೆ ಮೊದಲು ವೈರ್ ನೋಡಿ

ಮೊದಲೇ ಹೇಳಿಬಿಡ್ತೇನೆ. ಹಿಮಾಲಯದ ಕಡೆ ಹೋಗಿ ಗಾಡಿಯಲ್ಲೇ ಮಲಗುವ ಯೋಚನೆ ಇದ್ದರೆ ಡೀಸೆಲ್ ಹೀಟರ್ ಹಾಕಿಸಿಕೊಳ್ಳಿ, ದುಡ್ಡು ದಂಡ ಆಗಲ್ಲ. ಆದರೆ ಡಬ್ಬದಲ್ಲಿ ಅದರ ಜೊತೆ ಬರುವ ವೈರು, ಪೈಪು, ಕ್ಲಿಪ್ಪುಗಳನ್ನು ನಂಬಬೇಡಿ. ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ನಮಗೆ ಬಂದ ತೊಂದರೆಗಳಲ್ಲಿ ಹೀಟರಿನ ಒಳಗಿನವು ಕಡಿಮೆ, ಅದರ ಸುತ್ತಮುತ್ತಲಿನವೇ ಜಾಸ್ತಿ.

ಬಳ್ಳಾರಿಯವರಿಗೆ ಹೀಟರ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಆದರೆ ನಮ್ಮ ಯಜಮಾನರಿಗೂ ನನಗೂ ಲಡಾಖ್ ಅಂದರೆ ಪ್ರಾಣ. ಟೆಂಪೋ ಟ್ರಾವೆಲರ್ ಒಳಗೆ ಮಂಚ, ಒಲೆ, ನೀರಿನ ಟ್ಯಾಂಕ್ ಕೂಡಿಸಿಕೊಂಡಿದ್ದೇವೆ. ಗುತ್ತಿ ಹತ್ತಿರ 44ನೇ ಹೆದ್ದಾರಿ ಹಿಡಿದರೆ ಹೈದರಾಬಾದ್, ನಾಗಪುರ ದಾಟಿ ಕಾಶ್ಮೀರದವರೆಗೂ ಅದೇ ರಸ್ತೆ. ಅಕ್ಟೋಬರ್‌ನಲ್ಲಿ ಹೋದರೆ ದ್ರಾಸ್, ಲೇಹ್ ಕಡೆ ರಾತ್ರಿ ಶೂನ್ಯಕ್ಕಿಂತ ಕೆಳಗೆ ಇಳಿಯುತ್ತದೆ. ತಗಡಿನ ಗಾಡಿಯೊಳಗೆ ರಗ್ಗು ಎಷ್ಟು ಹೊದ್ದರೂ ಸಾಲಲ್ಲ.

ಗ್ಯಾಸ್ ಹೀಟರ್ ಸಾಕಲ್ವಾ ಅಂತ ಕೇಳುವವರಿದ್ದಾರೆ. ನಮ್ಮ ಅಡುಗೆ ಸಿಲಿಂಡರಿನಲ್ಲಿ ಇರುವುದು ಬ್ಯೂಟೇನ್, ಪ್ರೊಪೇನ್ ಎರಡೂ ಬೆರೆತ ಗ್ಯಾಸ್. ಬ್ಯೂಟೇನ್ ಸೊನ್ನೆ ಡಿಗ್ರಿ ಆಸುಪಾಸಿನಲ್ಲೇ ಆವಿಯಾಗುವುದು ನಿಂತುಬಿಡುತ್ತದೆ. ಬೆಳಗಿನ ಜಾವ ಒಲೆಯ ಉರಿ ಸೊರಗುವುದು ಇದಕ್ಕೇ. ಅದಕ್ಕಿಂತ ದೊಡ್ಡ ವಿಷಯ ಏನಂದರೆ, ಕೊಳವೆ ಇಲ್ಲದ ಗ್ಯಾಸ್ ಹೀಟರ್ ನಾವು ಉಸಿರಾಡುವ ಗಾಳಿಯಲ್ಲೇ ಉರಿಯುತ್ತದೆ. ಮುಚ್ಚಿದ ಗಾಡಿಯೊಳಗೆ ಅದನ್ನು ಹಚ್ಚಿ ಮಲಗುವುದು ಜೀವಕ್ಕೇ ಅಪಾಯ. ಡೀಸೆಲ್ ಹೀಟರ್ ಹಾಗಲ್ಲ. ಉರಿಯೋಕೆ ಬೇಕಾದ ಗಾಳಿಯನ್ನು ಹೊರಗಿನಿಂದ ಎಳೆದುಕೊಂಡು, ಹೊಗೆಯನ್ನು ಹೊರಗೇ ಬಿಡುತ್ತದೆ. ಒಳಗಿನ ಗಾಳಿ ಬಿಸಿ ಲೋಹವನ್ನು ಹೊರಗಿನಿಂದ ಸವರಿಕೊಂಡು ಬರುತ್ತದೆ ಅಷ್ಟೇ.

ನಮ್ಮದು 2 ಕಿಲೋವ್ಯಾಟ್, 12 ವೋಲ್ಟಿನದು. ಅಂಗಡಿಯವರು 5 ಕಿಲೋವ್ಯಾಟ್ ತಗೊಳ್ಳಿ, ಬೆಲೆಯಲ್ಲಿ ಜಾಸ್ತಿ ವ್ಯತ್ಯಾಸ ಇಲ್ಲ ಅಂತ ಬಹಳ ಒತ್ತಾಯ ಮಾಡಿದರು. ಬೇಡ ಅಂದೆ. ಸಣ್ಣ ಗಾಡಿಗೆ ದೊಡ್ಡ ಹೀಟರ್ ಹಾಕಿದರೆ ಅದು ಯಾವಾಗಲೂ ಸಣ್ಣ ಉರಿಯಲ್ಲೇ ಇರುತ್ತದೆ. ಸಣ್ಣ ಉರಿ ಅಂದರೆ ಒಳಗೆ ಮಸಿ ಕಟ್ಟುತ್ತದೆ.

ಈಗ ತೊಂದರೆಗಳಿಗೆ ಬರ್ತೇನೆ. ದ್ರಾಸ್‌ನಲ್ಲಿ ಒಂದು ಬೆಳಗಿನ ಜಾವ ಹೀಟರ್ ಹೊತ್ತಿಕೊಳ್ಳಲಿಲ್ಲ. ಫ್ಯಾನ್ ತಿರುಗುತ್ತಿತ್ತು, ಪಂಪ್ ಟಕ್ ಟಕ್ ಅನ್ನುತ್ತಿತ್ತು, ಹೊಗೆ ಕೊಳವೆಯಿಂದ ಬಿಳಿ ಹೊಗೆ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಎರರ್ ಬಂದು ಎಲ್ಲವೂ ನಿಂತುಹೋಯಿತು. ಈ ಬಿಳಿ ಹೊಗೆಯನ್ನು ಸರಿಯಾಗಿ ಗಮನಿಸಿ. ಅದು ಉರಿಯದೆ ಉಳಿದ ಡೀಸೆಲ್ ಆವಿ. ಅಂದರೆ ಡೀಸೆಲ್ ಒಳಗೆ ಬಂದಿದೆ, ಹೊತ್ತಿಸುವ ಗ್ಲೋ ಪ್ಲಗ್ಗಿಗೆ ಶಕ್ತಿ ಸಾಲುತ್ತಿಲ್ಲ. ಹೊಗೆಯೇ ಬರದಿದ್ದರೆ ಡೀಸೆಲ್ ಬಂದೇ ಇಲ್ಲ ಅಂತ ಅರ್ಥ. ಕಪ್ಪು ಹೊಗೆ ಬಂದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ.

ಬಳ್ಳಾರಿಯ ನಮ್ಮ ಆಟೋ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. (ಲಡಾಖ್‌ನಲ್ಲಿ ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ನಡೆಯಲ್ಲ, ಪೋಸ್ಟ್‌ಪೇಯ್ಡ್ ಇಟ್ಟುಕೊಂಡು ಹೋಗಿ.) ಅದಿರು ಲಾರಿಗಳ ವೈರಿಂಗ್ ಮಾಡಿ ಪಳಗಿದ ಕೈ ಅವರದು. ಇಂಥ ಹೀಟರ್ ನೋಡಿದ್ದು ನಮ್ಮ ಗಾಡಿಯಲ್ಲೇ. ಮಲ್ಟಿಮೀಟರ್ ಹಿಡಿದು ಎರಡು ಕಡೆ ಅಳೆಯಲು ಹೇಳಿದರು. ಹೀಟರ್ ಸ್ಟಾರ್ಟ್ ಆಗುತ್ತಿರುವಾಗಲೇ ಅಳೆಯಬೇಕು, ಆಫ್ ಇದ್ದಾಗ ಅಳೆದರೆ ಪ್ರಯೋಜನ ಇಲ್ಲ ಅಂದರು. ಬ್ಯಾಟರಿಯ ಮೇಲೆ 12.1 ವೋಲ್ಟ್ ಇತ್ತು. ಹೀಟರಿಗೆ ವೈರ್ ಸೇರುವ ಕಡೆ 10.5.

"ಹೀಟರ್‌ಗೆ ಏನೂ ಆಗಿಲ್ರಿ ಅಕ್ಕಾ. ವೈರ್ ತೆಳ್ಳಗೈತಿ, ಕರೆಂಟ್ ದಾರ್ಯಾಗ ಸೋರತೈತಿ" ಅಂದರು.

ಅದೇ ಆಗಿತ್ತು. ಹೊತ್ತಿಕೊಳ್ಳುವ ಮೊದಲ ಕೆಲವು ನಿಮಿಷ ಗ್ಲೋ ಪ್ಲಗ್ 8ರಿಂದ 10 ಆಂಪಿಯರ್ ಎಳೆಯುತ್ತದೆ. ಆಮೇಲೆ ಫ್ಯಾನಿಗೂ ಪಂಪಿಗೂ ಒಂದೆರಡು ಆಂಪಿಯರ್ ಸಾಕು. ಡಬ್ಬದಲ್ಲಿ ಬಂದ ವೈರ್ ಉದ್ದ, ಒಳಗಿನ ತಾಮ್ರ ಕೂದಲೆಳೆಯಷ್ಟು. ಬಳ್ಳಾರಿಯ ಬಿಸಿಲಿನಲ್ಲಿ ಬ್ಯಾಟರಿ ಗಟ್ಟಿ ಇರುತ್ತದೆ, ಹಾಗಾಗಿ ಇದು ಗೊತ್ತೇ ಆಗಲ್ಲ. ಸೊನ್ನೆ ಡಿಗ್ರಿ ಹೊತ್ತಿಗೆ ಲೆಡ್ ಬ್ಯಾಟರಿಯ ಸಾಮರ್ಥ್ಯ ಸುಮಾರು ಐದನೇ ಒಂದು ಭಾಗ ಕುಸಿಯುತ್ತದೆ. ಆಗ ವೈರಿನ ಕೊರತೆ ಬಯಲಿಗೆ ಬರುತ್ತದೆ.

ಆ ಬೆಳಿಗ್ಗೆ ಗಾಡಿಯ ಎಂಜಿನ್ ಚಾಲೂ ಮಾಡಿ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ 14 ವೋಲ್ಟ್ ಕೊಡುತ್ತಿದ್ದಾಗ ಹೀಟರ್ ಹಚ್ಚಿದೆವು. ಒಂದೇ ಸಲಕ್ಕೆ ಹೊತ್ತಿಕೊಂಡಿತು. ಕಾರ್ಗಿಲ್ ಬಜಾರಿನಲ್ಲಿ 6 ಚದರ ಮಿಲಿಮೀಟರಿನ ವೈರ್ ಕೊಂಡು ಬ್ಯಾಟರಿಯಿಂದ ನೇರ ಎಳೆದೆವು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಕೂಡಿಸಿದೆವು. ಅವತ್ತಿನಿಂದ ಆ ಎರರ್ ಬಂದಿಲ್ಲ. ಮಾರಿದವರಿಗೆ ಹೇಳಿದಾಗ ಗ್ಲೋ ಪ್ಲಗ್ ಬದಲಾಯಿಸಿ ಅಂದರು, ಅದರ ಬೆಲೆಯನ್ನೂ ಹೇಳಿದರು. ಅಳೆಯದೆ ಬಿಡಿಭಾಗ ಬದಲಾಯಿಸಬೇಡಿ. ನಿಮ್ಮದು ಲಿಥಿಯಂ ಬ್ಯಾಟರಿ ಆಗಿದ್ದರೆ ಇನ್ನೊಂದು ಮಾತು: ಸೊನ್ನೆಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು, ಹಾಳಾಗುತ್ತದೆ. ಮಲಗುವ ಕಡೆಯೇ ಇಟ್ಟುಕೊಳ್ಳಿ.

ಡೀಸೆಲ್ ವಿಷಯ. ಬಳ್ಳಾರಿಯಲ್ಲಿ ಹಾಕಿಸಿದ ಡೀಸೆಲ್ ಲಡಾಖಿನ ಚಳಿಗೆ ಆಗಲ್ಲ. ತಣ್ಣಗಾದರೆ ಅದರಲ್ಲಿನ ಮೇಣ ಹರಳುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಪಂಪ್ ಟಕ್ ಟಕ್ ಅನ್ನುತ್ತಲೇ ಇರುತ್ತದೆ, ಡೀಸೆಲ್ ಮಾತ್ರ ಬರಲ್ಲ. 2019ರಲ್ಲಿ ಇಂಡಿಯನ್ ಆಯಿಲ್‌ನವರು ಲಡಾಖ್‌ಗೆಂದೇ ಚಳಿಗಾಲದ ಡೀಸೆಲ್ ತಂದರು, ಮೈನಸ್ 33 ಡಿಗ್ರಿವರೆಗೂ ಹರಿಯುತ್ತದೆ. ಅದು ಸಿಕ್ಕ ಕಡೆ ಹೀಟರಿನ ಟ್ಯಾಂಕಿಗೂ ಅದನ್ನೇ ತುಂಬಿಸಿ. ಹಳೆಯದನ್ನು ಮೊದಲು ಖಾಲಿ ಮಾಡಿ, ಪೈಪಿನಲ್ಲಿ ಉಳಿದದ್ದೂ ಹೋಗಲಿ. ಹೀಟರಿಗೆ ಬೇರೆ ಟ್ಯಾಂಕ್ ಇಟ್ಟರೆ ಈ ಕೆಲಸ ಸುಲಭ.

ಪೈಪಿನಲ್ಲಿ ಗಾಳಿಗುಳ್ಳೆ ಬರುತ್ತಿದೆಯಾ ಅಂತಲೂ ನೋಡಿ. ಡಬ್ಬದ ಮೆತ್ತನೆಯ ಹಸಿರು ಪೈಪ್ ಚಳಿಗೆ ಬಿಗಿತ ಕಳೆದುಕೊಂಡು ಜೋಡಣೆಯಲ್ಲಿ ಗಾಳಿ ಎಳೆದುಕೊಳ್ಳುತ್ತಿತ್ತು. ಉರಿ ಏರುತ್ತಾ ಇಳಿಯುತ್ತಾ ಇತ್ತು. ಗಟ್ಟಿ ನೈಲಾನ್ ಪೈಪ್ ಹಾಕಿ, ಪಂಪಿನ ಹೊರಬಾಯಿ ಮೇಲೆ ಬರುವಂತೆ ಓರೆಯಾಗಿ ಕೂಡಿಸಿದ ಮೇಲೆ ಸರಿಹೋಯಿತು.

ಎತ್ತರದ ಜಾಗದ್ದು ಬೇರೆಯದೇ ಕಥೆ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಬಳ್ಳಾರಿ 500 ಮೀಟರನ್ನೂ ಮುಟ್ಟಲ್ಲ. ಲೇಹ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಮೂರನೇ ಒಂದು ಭಾಗದಷ್ಟು ಕಡಿಮೆ, ಪಂಪ್ ಮಾತ್ರ ಊರಲ್ಲಿ ಕೊಟ್ಟಷ್ಟೇ ಡೀಸೆಲ್ ಕೊಡುತ್ತದೆ. ಮಸಿ ಹಿಡಿಯದೆ ಇರುತ್ತಾ? ಕಂಟ್ರೋಲರಿನ ಸೆಟ್ಟಿಂಗ್‌ನಲ್ಲಿ ಪಂಪಿನ ಬಡಿತ ಕಡಿಮೆ ಮಾಡಬೇಕು. ದಿನಾ ಆರಿಸುವ ಮೊದಲು 15-20 ನಿಮಿಷ ಪೂರ್ತಿ ಜೋರಾಗಿ ಓಡಿಸಿದರೆ ಮಸಿ ಸುಟ್ಟುಹೋಗುತ್ತದೆ. ಆರಿಸುವುದೂ ಬಟನ್ನಿನಿಂದಲೇ ಆಗಬೇಕು. ಸುಮ್ನೆ ಬ್ಯಾಟರಿ ವೈರ್ ಕಿತ್ತರೆ ಒಳಗಿನ ಬಿಸಿ ಹೊರಹೋಗಲು ಫ್ಯಾನ್ ಇರಲ್ಲ, ಸುಟ್ಟುಹೋಗುತ್ತದೆ.

ಊರಿಗೆ ಬಂದ ಮೇಲೂ ಕೆಲಸ ಇದೆ. ವರ್ಷದ ಬಹುಪಾಲು ಹೀಟರ್ ಇಲ್ಲಿ ಸುಮ್ನೆ ಕೂತಿರುತ್ತದೆ. ಒಂದು ಸಲ ಹೊರಡುವ ಮುಂಚೆ ಓಡಿಸಿ ನೋಡಿದರೆ ಉರಿ ಹತ್ತಿ ಕೂಡಲೇ ಆರಿಹೋಗುತ್ತಿತ್ತು. ಹೊಗೆ ಕೊಳವೆಗೆ ಕಡ್ಡಿ ಹಾಕಿದೆ. ಒಳಗೆ ಕಣಜದ ಹುಳ ಕಟ್ಟಿದ ಮಣ್ಣಿನ ಗೂಡು! ಕೆಂಪು ಮಣ್ಣು ಒಣಗಿ ಇಟ್ಟಿಗೆ ಹಾಗೆ ಆಗಿತ್ತು, ಕೆರೆದು ತೆಗೆಯೋಕೆ ಅರ್ಧ ದಿನ ಹೋಯಿತು. ಈಗ ಗಾಳಿ ಎಳೆಯುವುದು, ಹೊಗೆ ಬಿಡುವುದು ಎರಡೂ ಕೊಳವೆಯ ಬಾಯಿಗೆ ಬಟ್ಟೆ ಬಿಗಿದು, ಸ್ಟೇರಿಂಗಿಗೆ ಒಂದು ಕೆಂಪು ದಾರ ಕಟ್ಟಿಡುತ್ತೇವೆ, ಬಟ್ಟೆ ತೆಗೆಯುವುದು ನೆನಪಿರಲಿ ಅಂತ. ತಿಂಗಳಿಗೊಮ್ಮೆ ಸ್ವಲ್ಪ ಹೊತ್ತು ಓಡಿಸುತ್ತೇವೆ. ಮೇ ತಿಂಗಳಲ್ಲಿ ಆದರೆ ಗಾಡಿಯ ಬಾಗಿಲೆಲ್ಲ ತೆರೆದು, ಬೆಳಗಾಗುವ ಮುಂಚೆ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಈ ಹೀಟರ್ ಹಚ್ಚಿ ಮಲಗಲೇಬೇಡಿ. ಆ ಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಕೊಳವೆಯ ಜೋಡಣೆ ಸಡಿಲವಾದರೆ ನಿದ್ದೆಯಲ್ಲಿ ಗೊತ್ತಾಗಲ್ಲ. ನಾವು ದಿಂಬಿನ ಮಟ್ಟದಲ್ಲಿ ಒಂದು ಅಲಾರಂ ಹಾಕಿದ್ದೇವೆ, ಹೊರಡುವ ಮುಂಚೆ ಅದರ ಟೆಸ್ಟ್ ಬಟನ್ ಒತ್ತಿ ನೋಡುತ್ತೇವೆ.

ಇನ್ನೂ ಬಗೆಹರಿಯದ ಒಂದು ತಕರಾರು ಪಂಪಿನ ಸದ್ದು. ದಪ್ಪ ರಬ್ಬರ್ ಪಟ್ಟಿಯಲ್ಲಿ ತೂಗುಹಾಕಿದ ಮೇಲೆ ಅರ್ಧ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ನಿದ್ದೆ ತೆಳು ಇರುವವರು ಪಂಪನ್ನು ಮಂಚದ ಕೆಳಗಲ್ಲದೆ ಬೇರೆ ಕಡೆ ಕೂಡಿಸಲು ಮೊದಲೇ ಹೇಳಿ.