ಲಾರಾವೆಲ್, ಜ್ಯಾಂಗೋ, ರೇಲ್ಸ್: ನಮ್ಮದೇ ರೂಟ್ ಬರೆಯೋಕೆ ಯಾವುದು ಸಲೀಸು?

ಕಲಬುರಗಿಯ ನೆಹರು ಗಂಜ್‌ನಲ್ಲಿ ನಮ್ಮ ಕಾಕಾ ಅವರದು ಅಡತಿ ಅಂಗಡಿ. ತೊಗರಿ ಸೀಸನ್ ಶುರುವಾದರೆ ಬೆಳಗ್ಗೆಯಿಂದಲೇ ಫೋನ್, ಇವತ್ತು ಕ್ವಿಂಟಲ್‌ಗೆ ಎಷ್ಟು ಅಂತ. ಅದಕ್ಕೇ ಒಂದು ಸಣ್ಣ ವೆಬ್ ಆ್ಯಪ್ ಮಾಡಿಕೊಡೋಣ ಅಂತ ಕೂತೆ, ಅದನ್ನೇ ಲಾರಾವೆಲ್, ಜ್ಯಾಂಗೋ, ರೇಲ್ಸ್ ಅನ್ನೋ ಮೂರು ಫ್ರೇಮ್‌ವರ್ಕ್‌ನಲ್ಲೂ (ವೆಬ್ ಆ್ಯಪ್ ಕಟ್ಟೋ ಸಿದ್ಧ ಚೌಕಟ್ಟು) ಬರೆದು ನೋಡಿದೆ.

ಪಟ್ಟಿ, ಸೇರಿಸೋದು, ತಿದ್ದೋದು, ಅಳಿಸೋದು ಎಲ್ಲೂ ಕಷ್ಟವಲ್ಲ. ಲಾರಾವೆಲ್‌ನಲ್ಲಿ ರಿಸೋರ್ಸ್, ರೇಲ್ಸ್‌ನಲ್ಲಿ ರಿಸೋರ್ಸಸ್ ಅಂತ ಒಂದು ಸಾಲು ಬರೆದರೆ ಇಂಥ ಏಳು ಆ್ಯಕ್ಷನ್‌ಗೆ (ಮಾಮೂಲಿ ಕೆಲಸಕ್ಕೆ) ರೂಟ್, ಅಂದರೆ ಯಾವ ವಿಳಾಸಕ್ಕೆ ಯಾವ ಕೋಡ್ ಓಡಬೇಕು ಅನ್ನೋದು, ಸಿಗುತ್ತದೆ. ನನಗೆ ಬೇಕಿದ್ದದ್ದು ಆ ಏಳರಲ್ಲಿ ಇಲ್ಲದ ಎರಡು: ಇವತ್ತಿನ ದರಕ್ಕೆ 'ರೇಟ್ಸ್/ಟುಡೇ', ಮಾರಿಹೋದ ಲಾಟ್ (ಮಾಲಿನ ರಾಶಿ) ಮುಚ್ಚೋಕೆ 'ಲಾಟ್ಸ್/12/ಕ್ಲೋಸ್', ಇಲ್ಲಿ 12 ಅನ್ನೋದು ಲಾಟಿನ ಐಡಿ.

ಮೊದಲು ಲಾರಾವೆಲ್. ರಿಸೋರ್ಸ್ ಸಾಲಿನ ಕೆಳಗೆ 'ಟುಡೇ' ರೂಟ್ ಬರೆದೆ, ಕಂಟ್ರೋಲರ್‌ನಲ್ಲಿ (ರೂಟ್ ಕರೆಯೋ ಕೋಡ್ ಇರೋ ಕಡೆ) ಮೆಥಡ್ ಕೂಡ ಹಾಕಿದೆ, ತೆರೆದರೆ 404, ಪುಟವೇ ಸಿಗಲಿಲ್ಲ ಅಂತ. ರೂಟ್ ಪಟ್ಟಿ ತೆಗೆದರೆ ಅಲ್ಲಿ 'ಟುಡೇ' ಇದೆ, ಅದೂ ಐಡಿ ಕೊಟ್ಟರೆ ಆ ಒಂದು ದರ ತೋರಿಸೋ 'ಶೋ'ಗಿಂತ ಮೇಲೇ ಇದೆ! ಒಂದು ಇಡೀ ಸಂಜೆ ಕಳೆದ ಮೇಲೆ ಹೊಳೆಯಿತು: ಆ ಪಟ್ಟಿ ಬರೋದು ಅಕ್ಷರ ಕ್ರಮದಲ್ಲಿ, ಆದರೆ ರೂಟ್ ಹುಡುಕೋದು ನಾವು ಬರೆದ ಕ್ರಮದಲ್ಲಿ. ಅಂದರೆ 'ಶೋ' ಮೊದಲು ಸಿಕ್ಕಿ, 'ಟುಡೇ' ಅನ್ನೋದನ್ನೇ ಐಡಿ ಅಂದುಕೊಂಡು, ಆ ಐಡಿಯ ದರ ಇಲ್ಲ ಅಂತ ಕೈ ಚೆಲ್ಲಿತ್ತು. ಸಾಲನ್ನು ರಿಸೋರ್ಸ್ ಮೇಲಕ್ಕೆ ಎತ್ತಿ ಇಟ್ಟೆ, ಸರಿಹೋಯಿತು. ಐಡಿ ಅಂಕಿಯೇ ಆಗಿರಬೇಕು ಅಂತ ಕಟ್ಟಿಹಾಕಲೂಬಹುದು, ಆದರೆ ಅದು ನಮಗೆ ನೆನಪಿರಬೇಕಲ್ವಾ?

ಜ್ಯಾಂಗೋದಲ್ಲಿ ಆ ತಾಪತ್ರಯ ಬರಲಿಲ್ಲ. 2017ರ ಡಿಸೆಂಬರ್‌ನಲ್ಲಿ ಬಂದ 2.0ಯಿಂದ ವಿಳಾಸದಲ್ಲೇ 'ಇಂಟ್' (ಪೂರ್ಣಾಂಕ) ಅಂತ ಬರೆಯಬಹುದು, ಅಂಕಿ ಅಲ್ಲದ್ದು ಆ ರೂಟ್‌ಗೆ ಹೋಗೋದೇ ಇಲ್ಲ. ಇದು ನನಗೆ ತುಂಬಾ ಇಷ್ಟವಾಯಿತು. ತೊಂದರೆ ಕೊಟ್ಟದ್ದು ವಿಳಾಸದ ಕೊನೆಯ ಸ್ಲ್ಯಾಶ್ (/). 'ಕ್ಲೋಸ್'ಗೆ ಸ್ಲ್ಯಾಶ್ ಇಲ್ಲದೆ ಪೋಸ್ಟ್ (ಡೇಟಾ ಹೊತ್ತ ವಿನಂತಿ) ಕಳಿಸಿದೆ, ಡೀಬಗ್ (ತಪ್ಪು ವಿವರವಾಗಿ ತೋರಿಸೋ ಸೆಟ್ಟಿಂಗ್) ಆನ್ ಇದ್ದಿದ್ದರಿಂದ ದೊಡ್ಡ ಎರರ್ ಬಂತು. ಆಫ್ ಇದ್ದಿದ್ದರೆ ಸುಮ್ನೆ ರೀಡೈರೆಕ್ಟ್ ಆಗಿ ಕಳಿಸಿದ ಡೇಟಾ ಕಳೆದುಹೋಗುತ್ತಿತ್ತು. ರೂಟ್ ಪಟ್ಟಿ ನೋಡೋಕೂ ಬೇರೆ ಪ್ಯಾಕೇಜ್ ಹಾಕಿಕೊಳ್ಳಬೇಕು.

ರೇಲ್ಸ್ ಬರೆಯೋಕೆ ಮೊದಲೇ ಒಂದು ಪ್ರಶ್ನೆ ಕೇಳುತ್ತದೆ: ಇದು ಒಂದು ಲಾಟಿನ ಕೆಲಸವೋ, ಎಲ್ಲದರದ್ದೋ? ಒಂದರದ್ದಾದರೆ 'ಮೆಂಬರ್', ಎಲ್ಲದರದ್ದಾದರೆ 'ಕಲೆಕ್ಷನ್'. 'ಕ್ಲೋಸ್' ಮೊದಲನೆಯದರಲ್ಲಿ, 'ಟುಡೇ' ಎರಡನೆಯದರಲ್ಲಿ. ಆ ಬ್ಲಾಕ್ ಒಳಗೆ ಬರೆದದ್ದು ತಾನಾಗೇ 'ಶೋ'ಗಿಂತ ಮುಂದೆ ನಿಲ್ಲುತ್ತದೆ, ರೂಟ್ ಪಟ್ಟಿಯೂ ಹುಡುಕುವ ಕ್ರಮದಲ್ಲೇ ಬರುತ್ತದೆ. ರೇಲ್ಸ್‌ನ ಭಾಷೆ ರೂಬಿ ನನಗೆ ಹೊಸದು, ಕಲಿಯೋಕೆ ಟೈಮ್ ಜಾಸ್ತಿ ಹಿಡಿಯಿತು, ಆದರೂ ಅಂಗಡಿಗೆ ಇದನ್ನೇ ಇಟ್ಟೆ.

ಹೋದ ವಾರ ಕಾಕಾ ಫೋನ್ ಮಾಡಿ "ತಮ್ಮಾ, ನಿನ್ನಿ ರೇಟೂ ಹಾಕು" ಅಂದರು. ಕಲೆಕ್ಷನ್ ಒಳಗೆ ಒಂದು ಸಾಲು, ಕಂಟ್ರೋಲರ್‌ನಲ್ಲಿ ಮೂರು ಸಾಲು. ಅವರು ಚಹಾ ಕುಡಿದು ಮುಗಿಸೋದರೊಳಗೆ ಪುಟ ತೆರೆಯಿತು.